ಪಾವನ್ನು ಸೇರು ಅಂದರೆ ಅಕ್ಕಿ ಹೆಚ್ಚಾಗುತ್ತಾ?

ಗಾಲ್ಫ್ ಅನ್ನೋ ಪದ ಕಂಡ ಕೂಡಲೇ "ಅಯ್ಯೋ, ಅದು ದುಡ್ಡಿದ್ದವರ ಆಟ ಕಣ್ರೀ, ನಮಗ್ಯಾಕೆ" ಅಂತ ಎದ್ದು ಹೊರಡುವವರು ಸ್ವಲ್ಪ ನಿಲ್ಲಿ. ಇವತ್ತು ಬರೀತಿರೋದು ಗಾಲ್ಫ್ ಬಗ್ಗೆ ಹೌದು, ಆದರೆ ಅದಕ್ಕಿಂತ ಹೆಚ್ಚಾಗಿ ಅಳತೆಯ ಬಗ್ಗೆ. ಅಳತೆಯಲ್ಲಿ ಮೋಸ ಆದರೆ ಸಿಟ್ಟು ಬರೋದಕ್ಕೆ ಗಾಲ್ಫ್ ಗೊತ್ತಿರಬೇಕಾಗಿಲ್ಲ.

ಹಿಂದೆ ನಮ್ಮ ಕಡೆ ಸಂತೆಯಲ್ಲಿ ಅಕ್ಕಿ ಅಳೆಯುವವನ ಕೈ ಮೇಲೆ ಎಲ್ಲರ ಕಣ್ಣೂ ಇರುತ್ತಿತ್ತು. ನಾಲ್ಕು ಪಾವು ಸೇರಿದರೆ ಒಂದು ಸೇರು. ಒಬ್ಬ ವ್ಯಾಪಾರಿ ಪಾವಿನ ಮೇಲೆ "ಸೇರು" ಅಂತ ಮುದ್ರೆ ಒತ್ತಿಸಿಕೊಂಡು ಬಂದು, "ನೋಡಿ ಸ್ವಾಮಿ, ಪಕ್ಕದವನು ನಿಮ್ಮ ದುಡ್ಡಿಗೆ ಮೂರು ಸೇರು ಕೊಟ್ಟ, ನಾನು ನಾಲ್ಕು ಕೊಡ್ತೀನಿ" ಅಂದಿದ್ದರೆ ಏನಾಗುತ್ತಿತ್ತು? ಅಲ್ಲೇ ಅವನಿಗೆ ಪೂಜೆ ಆಗುತ್ತಿತ್ತು. ಗಾಲ್ಫ್ ಅಂಗಡಿಯಲ್ಲಿ ಹೆಚ್ಚು ಕಡಿಮೆ ಅದೇ ಕೆಲಸ ಮಾಡಿದವನಿಗೆ ನಾವು ಸಾವಿರ ಡಾಲರ್ ಎಣಿಸಿ ಕೊಟ್ಟು, ಮೇಲೆ ಒಂದು ಥ್ಯಾಂಕ್ಸ್ ಹೇಳಿ ಬರ್ತೀವಿ.

ಆಡದವರಿಗಾಗಿ ಎರಡು ಮಾತು. ಗಾಲ್ಫ್ ಆಡುವವರ ಚೀಲದಲ್ಲಿ ಹೆಚ್ಚೆಂದರೆ 14 ಕ್ಲಬ್ ಇರಬಹುದು. ಅಮೆರಿಕದ ಯು.ಎಸ್.ಜಿ.ಎ. ಈ ಮಿತಿಯನ್ನು 1938ರಲ್ಲಿ ತಂದಿತು, ಬ್ರಿಟನ್ನಿನ ಆರ್ ಅಂಡ್ ಎ ಮರುವರ್ಷ ತಂದಿತು. ಆ ಹದಿನಾಲ್ಕರಲ್ಲಿ ಅರ್ಧದಷ್ಟು "ಐರನ್"ಗಳು. ಹೆಸರು ಕಬ್ಬಿಣ, ವಸ್ತು ಉಕ್ಕು. ಅವುಗಳ ಮೇಲೆ 4, 5, 6, 7, 8, 9 ಅಂತ ನಂಬರ್ ಕೊರೆದಿರುತ್ತೆ, ಕೊನೆಗೊಂದು ಪಿಚಿಂಗ್ ವೆಜ್. ನಂಬರ್ ಸಣ್ಣದಾದಷ್ಟೂ ಕೋಲು ಉದ್ದ, ಮುಖ ನೆಟ್ಟಗೆ, ಚೆಂಡು ತಗ್ಗಾಗಿ ದೂರ ಹೋಗುತ್ತೆ. ನಂಬರ್ ದೊಡ್ಡದಾದಷ್ಟೂ ಕೋಲು ಗಿಡ್ಡ, ಮುಖ ಆಕಾಶ ನೋಡುತ್ತೆ, ಚೆಂಡು ಎತ್ತರಕ್ಕೆ ಹೋಗಿ ಹತ್ತಿರ ಬೀಳುತ್ತೆ. ಮುಖದ ಈ ಓರೆಗೆ ಲಾಫ್ಟ್ ಅಂತ ಹೆಸರು, ಅದನ್ನು ಡಿಗ್ರಿಯಲ್ಲಿ ಅಳೀತಾರೆ. ಒಂದು ನಂಬರಿಗೂ ಮುಂದಿನ ನಂಬರಿಗೂ ಸುಮಾರು ನಾಲ್ಕು ಡಿಗ್ರಿ, ಅರ್ಧ ಇಂಚು, ಹತ್ತು ಹನ್ನೆರಡು ಗಜ ವ್ಯತ್ಯಾಸ. ಇಷ್ಟು ಗೊತ್ತಾದರೆ ಸಾಕು, ಮುಂದಿನ ಜಗಳಕ್ಕೆ ನೀವೂ ಬರಬಹುದು :)

ಈ ನಂಬರ್ ಬಂದದ್ದೇ ತೀರಾ ಇತ್ತೀಚೆಗೆ. ಮರದ ಕೋಲಿನ ಕಾಲದಲ್ಲಿ ಇವಕ್ಕೆ ಮ್ಯಾಶಿ, ನಿಬ್ಲಿಕ್ ಅಂತ ಮುದ್ದು ಹೆಸರುಗಳಿದ್ದವು. ಒಬ್ಬನ ಮ್ಯಾಶಿ ಇನ್ನೊಬ್ಬನ ಮ್ಯಾಶಿಯಂತೆ ಇರಬೇಕು ಅಂತ ಯಾರೂ ನಿರೀಕ್ಷಿಸುತ್ತಿರಲಿಲ್ಲ. ಉಕ್ಕಿನ ಕೋಲಿಗೆ ಅಮೆರಿಕದಲ್ಲಿ 1924ರಲ್ಲಿ, ಬ್ರಿಟನ್ನಿನಲ್ಲಿ 1929ರಲ್ಲಿ ಒಪ್ಪಿಗೆ ಸಿಕ್ಕಿತು. ಕಾರ್ಖಾನೆಗಳು ಒಂದೇ ಅಚ್ಚಿನ ಸೆಟ್ ಮಾಡತೊಡಗಿದವು, ಹೆಸರು ಹೋಗಿ ನಂಬರ್ ನಿಂತಿತು. ಆದರೆ "ಏಳು ಅಂದರೆ ಇಷ್ಟೇ ಡಿಗ್ರಿ" ಅಂತ ಯಾವ ನಿಯಮವೂ ಬರಲಿಲ್ಲ, ಇವತ್ತಿಗೂ ಇಲ್ಲ. ಮುಖದ ಮೇಲಿನ ಗೀರುಗಳ ಅಂಚು ಎಷ್ಟು ಚೂಪಾಗಿರಬಹುದು ಅನ್ನೋದರ ಬಗ್ಗೆ ಮಿಲಿಮೀಟರ್ ಲೆಕ್ಕದಲ್ಲಿ ಕಾನೂನು ಮಾಡಿ 2010ರಿಂದ ವೃತ್ತಿಪರರ ಮೇಲೆ ಹೇರಿದ ಮಹಾನುಭಾವರು, ಏಳು ಅಂದರೇನು ಅಂತ ಮಾತ್ರ ಹೇಳಲೇ ಇಲ್ಲ. ಆ ಸಂದಿಯಲ್ಲೇ ಇಡೀ ವ್ಯಾಪಾರ ನುಗ್ಗಿದ್ದು.

1970-80ರ ದಶಕದಲ್ಲಿ ಏಳನೇ ಐರನ್ ಅಂದರೆ ಹೆಚ್ಚು ಕಡಿಮೆ 35ರಿಂದ 38 ಡಿಗ್ರಿ. ಈಗ ಬರುವ, "ಆಟ ಸುಧಾರಿಸುವ" ಅಂತ ಕರೆಯುವ ಐರನ್‌ಗಳಲ್ಲಿ ಅದೇ ಏಳು 28, 29, 30 ಡಿಗ್ರಿ. ಬೇರೆ ಬೇರೆ ಕಂಪನಿ ಹೋಲಿಸೋದೇ ಬೇಡ, ಒಂದೇ ಕಂಪನಿಯನ್ನು ತಗೊಳ್ಳಿ. ಟೈಟಲಿಸ್ಟ್ 2023ರಲ್ಲಿ ತಂದ ಟಿ100 ಸೆಟ್ಟಿನಲ್ಲಿ ಏಳನೇ ಐರನ್ 34 ಡಿಗ್ರಿ, ಆರನೆಯದು 30. ಅದೇ ವರ್ಷ, ಅದೇ ಕಂಪನಿಯ ಟಿ350 ಸೆಟ್ಟಿನಲ್ಲಿ ಏಳನೇ ಐರನ್ 29 ಡಿಗ್ರಿ. ಅಂದರೆ ಒಂದು ಸೆಟ್ಟಿನ ಏಳು ಇನ್ನೊಂದು ಸೆಟ್ಟಿನ ಆರಕ್ಕಿಂತಲೂ ನೆಟ್ಟಗಿದೆ! ಕಂಪನಿಯವರು ಇದನ್ನು ಮುಚ್ಚಿಟ್ಟಿಲ್ಲ. ಕೋಷ್ಟಕ ಹುಡುಕಿದರೆ ಸಿಗುತ್ತೆ. ಆದರೆ ಅಂಗಡಿಯಲ್ಲಿ ಕೈಗೆ ಸಿಗೋದು ಕೋಷ್ಟಕ ಅಲ್ಲ, ಕ್ಲಬ್ಬು. ಅದರ ಮೇಲೆ ಇರೋದು 7, ಅಷ್ಟೇ.

ಈಗ ಅಂಗಡಿಗೆ ಹೋಗೋಣ. ಒಳಗೆ ಒಂದು ಪರದೆ, ಒಂದು ಹಸಿರು ಚಾಪೆ, ಪಕ್ಕದಲ್ಲೊಂದು ಯಂತ್ರ. ನಿಮ್ಮ ಹಳೇ ಏಳು ತಂದು ನಾಲ್ಕು ಸಲ ಹೊಡೀತೀರಿ: 140 ಗಜ. ಮಾರುವವನು ಹೊಸ ಏಳು ಕೈಗೆ ಕೊಡ್ತಾನೆ: 155 ಗಜ. "ಹದಿನೈದು ಗಜ ಜಾಸ್ತಿ ಸಾರ್!" ಅಂತಾನೆ. ನಿಮ್ಮ ಎದೆ ಎರಡಿಂಚು ಉಬ್ಬುತ್ತೆ. ಆ ಹದಿನೈದರಲ್ಲಿ ದೊಡ್ಡ ಪಾಲು ನಿಮ್ಮ ಹಳೇ ಆರು ಕೊಡುತ್ತಿದ್ದ ದೂರವೇ ಅಂತ ಅವನು ಹೇಳಲ್ಲ. "ನಿಮ್ಮ ಹಳೇ ಆರು ಒಂದ್ಸಲ ಹೊಡೀರಿ ನೋಡೋಣ" ಅಂತ ಯಾವ ಅಂಗಡಿಯಲ್ಲೂ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಜೊತೆಗೆ ಆ ಚಾಪೆ ಬೇರೆ. ಮೈದಾನದಲ್ಲಿ ಚೆಂಡಿಗಿಂತ ಒಂದಿಂಚು ಹಿಂದೆ ನೆಲಕ್ಕೆ ಹೊಡೆದರೆ ಮಣ್ಣು ಹಾರುತ್ತೆ, ಚೆಂಡು ಅಲ್ಲೇ ಮುಂದೆ ಬೀಳುತ್ತೆ. ಚಾಪೆಯ ಮೇಲೆ ಕ್ಲಬ್ ಜಾರಿಕೊಂಡು ಹೋಗಿ ಚೆಂಡಿಗೆ ಚೆನ್ನಾಗೇ ತಗುಲುತ್ತೆ. ತಪ್ಪನ್ನು ನುಂಗುವ ನೆಲದ ಮೇಲೆ ನಿಂತು, ಹೆಸರು ಬದಲಾದ ಕ್ಲಬ್ ಹಿಡಿದು, ಅತಿ ದೂರ ಹೋದ ಒಂದು ಹೊಡೆತ ನೋಡಿ ನಾವು ಸಾವಿರಾರು ಡಾಲರಿನ ತೀರ್ಮಾನ ತಗೊಳ್ತೀವಿ. ತರಕಾರಿ ತಗೊಳ್ಳುವಾಗ ಬೆಂಡೆಕಾಯಿ ತುದಿ ಮುರಿದು ನೋಡುವ ಜನ ನಾವು!

ಮನೆಯ ಬಾಗಿಲಿನ ನಂಬರ್ ಬದಲಾಯಿಸಿದರೆ ಮನೆ ಬಸ್ ಸ್ಟ್ಯಾಂಡಿಗೆ ಹತ್ತಿರ ಆಗಲ್ಲ. ಗಾಲ್ಫ್‌ನಲ್ಲಿ ಅದರ ಪರಿಣಾಮ ಎರಡೂ ತುದಿಯಲ್ಲಿ ಕಾಣುತ್ತೆ. ಕೆಳಗಿನ ತುದಿ ನೋಡಿ. ಅದೇ ಟಿ350 ಸೆಟ್ಟಿನಲ್ಲಿ ಪಿಚಿಂಗ್ ವೆಜ್ 43 ಡಿಗ್ರಿ. ಮರಳಿನಿಂದ ಚೆಂಡೆತ್ತುವ ಸ್ಯಾಂಡ್ ವೆಜ್ ಸಾಮಾನ್ಯವಾಗಿ 56. ಮಧ್ಯೆ 13 ಡಿಗ್ರಿ ಖಾಲಿ! ನೂರು ಗಜದ ಆಸುಪಾಸಿನ ಹೊಡೆತಕ್ಕೆ ಕೈಯಲ್ಲಿ ಸರಿಯಾದ ಕ್ಲಬ್ಬೇ ಇಲ್ಲ. ಆ ಕಂದಕ ತುಂಬಲು ಒಂದೋ ಎರಡೋ ಬೇರೆ ವೆಜ್ ಬೇಕು, ಬೇರೆ ದುಡ್ಡು. ಹಳ್ಳ ತೋಡಿದವನೇ ಸೇತುವೆಯನ್ನೂ ಮಾರುತ್ತಾನೆ. ಮೇಲಿನ ತುದಿ ನೋಡಿ. ನಾಲ್ಕನೇ ಐರನ್ 20 ಡಿಗ್ರಿಗೆ ಬಂದು ನಿಂತಿದೆ. ಅದು ಹಳೇ ಕಾಲದ ಎರಡನೇ ಐರನ್ ಇದ್ದಂತೆ, ಭಾನುವಾರದ ಆಟಗಾರನಿಗೆ ನೆಲ ಬಿಟ್ಟು ಏಳಿಸೋಕೆ ಆಗಲ್ಲ. ಆದ್ದರಿಂದ ಈಗ ಸೆಟ್ಟುಗಳು ಐದರಿಂದಲೋ ಆರರಿಂದಲೋ ಶುರು. ಮೊದಲು ಮೂರರಿಂದ ವೆಜ್‌ವರೆಗೆ ಎಂಟು ಕ್ಲಬ್ ಬರುತ್ತಿದ್ದ ಜಾಗದಲ್ಲಿ ಈಗ ಐದೋ ಆರೋ ಬರುತ್ತೆ. ಬೆಲೆ ಮಾತ್ರ ಕಡಿಮೆಯಾಗಿಲ್ಲ.

ನ್ಯಾಯವಾಗಿ ಎದುರು ಪಕ್ಷದ ಮಾತನ್ನೂ ಹೇಳಬೇಕು. ಕ್ಲಬ್ ತಯಾರಿಸುವ ಇಂಜಿನಿಯರುಗಳು ಸುಮ್ಮನೆ ನಂಬರ್ ಒತ್ತಿ ಕೂತಿಲ್ಲ. ತೂಕವನ್ನು ಕೆಳಕ್ಕೂ ಹಿಂದಕ್ಕೂ ತಳ್ಳಿ, ಮುಖವನ್ನು ತೆಳುವಾಗಿಸಿ ಸ್ಪ್ರಿಂಗಿನಂತೆ ಮಾಡಿದ್ದಾರೆ. ಗುರುತ್ವ ಕೇಂದ್ರ ಕೆಳಗಿದ್ದರೆ ಚೆಂಡು ತಾನಾಗಿ ಎತ್ತರಕ್ಕೆ ಏಳುತ್ತೆ. ಹಾಗಾಗಿ ಓರೆಯನ್ನು ಸ್ವಲ್ಪ ಕಡಿಮೆ ಮಾಡಿದರೂ ಚೆಂಡು ಹಳೇ ಏಳರಷ್ಟೇ ಎತ್ತರದಲ್ಲಿ ಹೋಗಬಲ್ಲದು. "ನಂಬರ್ ಅನ್ನೋದು ಓರೆಯ ಹೆಸರಲ್ಲ, ಚೆಂಡು ಹೋಗುವ ಎತ್ತರದ ಹೆಸರು" ಅಂತ ಅವರ ವಾದ. ಒಪ್ಪೋಣ. ಆದರೆ ಎತ್ತರ ಅರ್ಧ ಕಥೆ ಮಾತ್ರ. ಓರೆ ಕಡಿಮೆಯಾದರೆ ಚೆಂಡಿನ ಹಿಮ್ಮುಖ ಸುತ್ತೂ ಕಡಿಮೆಯಾಗುತ್ತೆ, ಬಿದ್ದ ಚೆಂಡು ನಿಲ್ಲದೆ ಓಡುತ್ತೆ. ಜೋರಾಗಿ ಬೀಸುವವನಿಗೆ ಇದು ನಡೆಯಬಹುದು. ನಿಧಾನವಾಗಿ ಬೀಸುವ ಅರುವತ್ತರ ಹಿರಿಯರಿಗೆ, ಹೊಸದಾಗಿ ಕಲಿಯುವವರಿಗೆ ಬೇಕಾದ ಎತ್ತರವೂ ಬರಲ್ಲ, ಸುತ್ತೂ ಬರಲ್ಲ. ಚೆಂಡು ಗ್ರೀನಿನ ಮೇಲೆ ಬಿದ್ದು, ನಮಸ್ಕಾರ ಹೇಳಿ, ಹಿಂದಿನ ಪೊದೆಗೆ ಹೋಗುತ್ತೆ. ಐರನ್ ಇರೋದು ದೂರಕ್ಕಲ್ಲ ಸ್ವಾಮಿ, ನಿಲ್ಲಿಸೋಕೆ. ದೂರಕ್ಕೆ ಡ್ರೈವರ್ ಇದೆ.

*

ಇಲ್ಲಿಯವರೆಗೆ ಬೈದದ್ದು ಮಾರುವವರನ್ನು. ಈಗ ನಮ್ಮವರ ಸರದಿ.

ನಾನಿರುವ ಅಮೆರಿಕದ ಊರಿನಲ್ಲಿ ಮುನ್ಸಿಪಾಲಿಟಿಯ ಗಾಲ್ಫ್ ಮೈದಾನ ಇದೆ. ನಮ್ಮ ಊರುಗಳಲ್ಲಿ ಗಾಲ್ಫ್ ಅಂದರೆ ಸದಸ್ಯತ್ವಕ್ಕೆ ವರ್ಷಗಟ್ಟಲೆ ಕಾಯುವ ಕ್ಲಬ್ ನೆನಪಾಗುತ್ತೆ. ಇಲ್ಲಿ ಪ್ಲಂಬರು, ಮೇಷ್ಟ್ರು, ಲಾರಿ ಡ್ರೈವರು ಎಲ್ಲರೂ ದುಡ್ಡು ಕಟ್ಟಿ ಆಡ್ತಾರೆ. ಶನಿವಾರ ಬೆಳಿಗ್ಗೆ ನಮ್ಮ ಕನ್ನಡದವರ ಒಂದು ಗುಂಪೂ ಇರುತ್ತೆ. ಅಲ್ಲಿ ಕೇಳಿಬರುವ ಮೊದಲ ಪ್ರಶ್ನೆ "ಊಟ ಆಯ್ತಾ" ಅಲ್ಲ, "ಏನ್ ಗುರು, ನಿಂದು ಸೆವೆನ್ ಐರನ್ ಎಷ್ಟು ಹೋಗುತ್ತೆ?" ಇಪ್ಪತ್ತೊಂಬತ್ತು ಡಿಗ್ರಿಯವನು "160" ಅಂತಾನೆ. ಮೂವತ್ತೈದರವನು "145" ಅಂತ ತಲೆ ತಗ್ಗಿಸ್ತಾನೆ. ಮುಂದಿನ ತಿಂಗಳು ಅವನೂ ಅಂಗಡಿಗೆ ಹೋಗ್ತಾನೆ. ಸುಳ್ಳನ್ನು ಮಾರುವವನು ಒಬ್ಬ, ಹಂಚುವವರು ನಾವು ನಾಲ್ಕು ಜನ.

ಇದರ ತದ್ವಿರುದ್ಧ ಜಾತಿ ಇನ್ನೊಂದಿದೆ, ಬ್ಲೇಡ್ ಭಕ್ತರು. ಬ್ಲೇಡ್ ಅಂದರೆ ಹಿಂಭಾಗ ನುಣ್ಣಗೆ ತುಂಬಿರುವ, ತೆಳು, ಸಣ್ಣ ಐರನ್. ನೋಡೋಕೆ ಆಭರಣದ ಹಾಗೆ ಇರುತ್ತೆ, ಸುಳ್ಳು ಯಾಕೆ ಹೇಳಲಿ. ಮಧ್ಯಕ್ಕೆ ಸರಿಯಾಗಿ ತಗುಲಿದರೆ ಕೈಗೆ ಬೆಣ್ಣೆ ಕೊಯ್ದ ಅನುಭವ. ಅರ್ಧ ಇಂಚು ಪಕ್ಕಕ್ಕೆ ತಗುಲಿದರೆ ಮೊಣಕೈವರೆಗೆ ಝುಂ ಅನ್ನುತ್ತೆ, ಚೆಂಡು ಹತ್ತಿಪ್ಪತ್ತು ಗಜ ಹಿಂದೆ ಬೀಳುತ್ತೆ, ಆ ಹಿಂದಿನ ಜಾಗದಲ್ಲಿ ಸಾಮಾನ್ಯವಾಗಿ ಒಂದು ಕೆರೆ ಇರುತ್ತೆ. "ಟೈಗರ್ ಇದನ್ನೇ ಆಡೋದು" ಅಂತ ಇವರ ಉತ್ತರ. ನಿಜ, ಟೈಗರ್ ವುಡ್ಸ್ 2019ರ ಮಾಸ್ಟರ್ಸ್ ಗೆದ್ದದ್ದು ಬ್ಲೇಡ್ ಹಿಡಿದೇ. ಆದರೆ ಟೈಗರ್ ಎರಡು ವರ್ಷದ ಕೂಸಾಗಿದ್ದಾಗಲೇ ಟಿವಿಯಲ್ಲಿ ಚೆಂಡು ಹೊಡೆದು ತೋರಿಸಿದವನು, ನಾವು ಎರಡು ವಾರಕ್ಕೊಮ್ಮೆ ಹೆಂಡತಿಯ ಅಪ್ಪಣೆ ಪಡೆದು ಹೋಗುವವರು.

ಇನ್ನೂ ಒಂದು ಮಾತು ಈ ಭಕ್ತರು ಹೇಳಲ್ಲ. ಸ್ಕಾಟಿ ಶೆಫ್ಲರ್ ಗೊತ್ತಲ್ಲ, 2022 ಮತ್ತು 2024ರ ಮಾಸ್ಟರ್ಸ್ ಗೆದ್ದವನು. ಅವನ ಚೀಲದಲ್ಲಿದ್ದದ್ದೂ ಟೈಗರ್ ಹೆಸರಿನ ಅದೇ ಬ್ಲೇಡ್‌ಗಳು, ಆದರೆ ಐದರಿಂದ ವೆಜ್‌ವರೆಗೆ ಮಾತ್ರ. ಮೂರು ಮತ್ತು ನಾಲ್ಕರ ಜಾಗದಲ್ಲಿ ಬೇರೆ ಕಂಪನಿಯ, ದಪ್ಪ, ತಪ್ಪನ್ನು ಕ್ಷಮಿಸುವ ಐರನ್ ಇಟ್ಟುಕೊಂಡಿದ್ದ. ಜಗತ್ತಿನ ನಂಬರ್ ಒನ್ ಆಟಗಾರನಿಗೆ ಉದ್ದ ಐರನ್‌ನಲ್ಲಿ ಸಹಾಯ ಬೇಕು ಅನ್ನಿಸಿದರೆ, ನೂರು ದಾಟದೆ ಒಂದು ಸುತ್ತು ಮುಗಿಸಲಾರದವನಿಗೆ ಬೇಡವೇ? ದೊಡ್ಡವರಿಂದ ಕಲಿಯಬೇಕಾದ್ದು ಅವರ ಕ್ಲಬ್ಬಿನ ಹೆಸರಲ್ಲ, ಅವರು ಆರಿಸುವ ಕ್ರಮ. ಅವರು ಒಂದೊಂದು ಕ್ಲಬ್ಬಿಗೂ "ನಿನ್ನ ಕೆಲಸ ಏನು?" ಅಂತ ಕೇಳಿ ಒಳಗೆ ಬಿಡ್ತಾರೆ. ನಾವು ಸೆಟ್ಟಿಗೆ ಸೆಟ್ಟೇ ಮದುವೆ ಮಾಡಿಕೊಳ್ತೀವಿ.

ಬ್ರೈಸನ್ ಡಿಶಾಂಬೋ ಇನ್ನೂ ಮುಂದೆ ಹೋದ. ಭೌತಶಾಸ್ತ್ರ ಓದಿದ ಹುಡುಗ. ಏಳನೇ ಐರನ್ ನನಗೆ ಸುಲಭ ಅಂದರೆ ಎಲ್ಲ ಐರನ್ನೂ ಅಷ್ಟೇ ಉದ್ದ ಯಾಕಿರಬಾರದು ಅಂತ ಕೇಳಿ, ಎಲ್ಲವನ್ನೂ 37.5 ಇಂಚಿಗೆ ಮಾಡಿಸಿಕೊಂಡ. ಜನ ನಕ್ಕರು. 2020ರಲ್ಲಿ ಯು.ಎಸ್. ಓಪನ್ ಗೆದ್ದ. 2024ರಲ್ಲಿ 3ಡಿ ಪ್ರಿಂಟರಿನಲ್ಲಿ ಮಾಡಿಸಿದ ಐರನ್ ಹಿಡಿದು ಮತ್ತೆ ಗೆದ್ದ. ಎಲ್ಲರೂ ಹಾಗೇ ಮಾಡಿ ಅಂತ ನಾನು ಹೇಳ್ತಿಲ್ಲ. ಅವನು ಆರಿಸಿದ್ದು ತನ್ನ ಮೈಗೆ, ತನ್ನ ಬೀಸಿಗೆ. ಪಕ್ಕದವನ ಕಣ್ಣಿಗೆ ಅಲ್ಲ.

*

ಈ ವ್ಯಾನಿಟಿಯಿಂದ ಯಾರಿಗೇನು ನಷ್ಟ, ಅವರ ದುಡ್ಡು ಅವರು ಸುಡಲಿ ಬಿಡಿ ಅನ್ನಬಹುದು. ಬರೀ ದುಡ್ಡಿನ ಮಾತಾಗಿದ್ದರೆ ನಾನೂ ಬರೀತಿರಲಿಲ್ಲ.

ನಮ್ಮ ಗುಂಪಿಗೆ ಒಬ್ಬರು ಅಕ್ಕ ಬರುತ್ತಿದ್ದರು. ಐದಡಿಗಿಂತ ಸ್ವಲ್ಪ ಕಡಿಮೆ ಎತ್ತರ, ಗಟ್ಟಿ ಮನುಷ್ಯರು, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹಾಜರ್. ಗಂಡ ಹೊಸ ಸೆಟ್ ತಗೊಂಡಾಗ ಹಳೇ ಸೆಟ್ ಇವರಿಗೆ ಬಂತು. ಭಾವನವರು ಆರಡಿ ಎರಡಿಂಚು. ಉದ್ದ ಕೋಲನ್ನು ಕುಳ್ಳಗಿನವರು ಹಿಡಿದರೆ ಕ್ಲಬ್ಬಿನ ಹಿಮ್ಮಡಿ ನೆಲಕ್ಕೆ ಕೂತು ಮೂತಿ ಮೇಲೇಳುತ್ತೆ. ಮೂತಿ ಮೇಲೆದ್ದರೆ ಬಲಗೈ ಆಟಗಾರರ ಚೆಂಡು ಎಡಕ್ಕೆ ಹೋಗುತ್ತೆ. ಇದು ಜ್ಯಾಮಿತಿ, ಇದರಲ್ಲಿ ಪ್ರತಿಭೆಯ ಪ್ರಶ್ನೆಯೇ ಇಲ್ಲ. ಅಕ್ಕನ ಚೆಂಡು ಎಡಕ್ಕೆ ಹೋಗುತ್ತಲೇ ಇತ್ತು. ನೋಡಿದವರೆಲ್ಲ ಒಂದೊಂದು ಉಪದೇಶ ಕೊಟ್ಟರು. "ತಲೆ ಎತ್ತಬೇಡಿ", "ಮಣಿಕಟ್ಟು ಗಟ್ಟಿ ಹಿಡೀರಿ", "ಸೊಂಟ ತಿರುಗಿಸಿ". ಒಬ್ಬರೂ ಕ್ಲಬ್ ನೋಡಲಿಲ್ಲ. ಎರಡು ಬೇಸಿಗೆ ಕಳೆದ ಮೇಲೆ "ನನ್ನ ಕೈಲಿ ಇದು ಆಗಲ್ಲ ಬಿಡಿ" ಅಂತ ಅವರು ಬರೋದು ನಿಲ್ಲಿಸಿದರು.

ನನಗೆ ಸಿಟ್ಟು ಬರೋದು ಇಲ್ಲಿ. ಅಳತೆ ತಪ್ಪಿದ್ದು ಕಬ್ಬಿಣದ್ದು, ತಪ್ಪು ಹೊತ್ತುಕೊಂಡದ್ದು ಮನುಷ್ಯ. ಅಳತೆ ಸರಿಯಿಲ್ಲದ ಚಪ್ಪಲಿ ಹಾಕಿಸಿ, ಕುಂಟಿದವಳಿಗೆ "ನಿನಗೆ ನಡೆಯೋಕೇ ಬರಲ್ಲ" ಅಂದ ಹಾಗೆ.

ಚಪ್ಪಲಿ ಅಂದದ್ದಕ್ಕೆ ಕಾರಣ ಇದೆ. ಈ ವಿಷಯದಲ್ಲಿ ಜಗತ್ತಿನ ಕಣ್ಣು ತೆರೆಸಿದವನು ಚಪ್ಪಲಿ ಅಂಗಡಿಯಿಂದಲೇ ಬಂದವನು. ಕಾರ್ಸ್ಟನ್ ಸೋಲ್ಹೈಮ್. 1911ರಲ್ಲಿ ನಾರ್ವೆಯಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ಅಮೆರಿಕದ ಸಿಯಾಟಲ್‌ಗೆ ಬಂದವನು. ಅಪ್ಪನದು ಬೂಟು ರಿಪೇರಿ ಕಸುಬು, ಮಗನೂ ಅದನ್ನೇ ಮಾಡಿದ. ಆಮೇಲೆ ಇಂಜಿನಿಯರಿಂಗ್ ಕೆಲಸ ಹಿಡಿದು ಜನರಲ್ ಎಲೆಕ್ಟ್ರಿಕ್ ಕಂಪನಿ ಸೇರಿದ. ಗಾಲ್ಫ್ ಕಲಿತದ್ದು ನಲವತ್ತು ದಾಟಿದ ಮೇಲೆ. ಪಟ್ಟರ್ ಕೈಗೆ ಹೊಂದಲಿಲ್ಲ. ಬೇರೆಯವರಾಗಿದ್ದರೆ ತಮ್ಮನ್ನೇ ಬೈದುಕೊಳ್ಳುತ್ತಿದ್ದರು, ಇವನು ಪಟ್ಟರನ್ನು ಬೈದ. 1959ರಲ್ಲಿ ಮನೆಯ ಗ್ಯಾರೇಜಿನಲ್ಲೇ ತೂಕವನ್ನು ಎರಡು ತುದಿಗೆ ಹಂಚಿದ ಪಟ್ಟರ್ ಮಾಡಿದ. ಹೊಡೆದಾಗ ಬರುವ ಸದ್ದೇ ಕಂಪನಿಯ ಹೆಸರಾಯಿತು: ಪಿಂಗ್.

ಆ ತತ್ವವನ್ನೇ ಐರನ್ನಿಗೂ ತಂದ. ಹಿಂಭಾಗ ಟೊಳ್ಳು ಮಾಡಿ ತೂಕವನ್ನು ಅಂಚಿಗೆ ತಳ್ಳಿದರೆ, ಮಧ್ಯ ತಪ್ಪಿದ ಹೊಡೆತದಲ್ಲೂ ಕ್ಲಬ್ ಅಷ್ಟಾಗಿ ತಿರುಚಿಕೊಳ್ಳಲ್ಲ. 1982ರಲ್ಲಿ ಬಂದ ಪಿಂಗ್ ಐ2 ಐರನ್ ಲಕ್ಷಾಂತರ ಜನರ ಕೈ ಸೇರಿತು. ನೋಡೋಕೆ ಅಂದವಿಲ್ಲ ಅಂತ ಮೂಗು ಮುರಿದವರೂ ಆಮೇಲೆ ಅದನ್ನೇ ನಕಲು ಮಾಡಿದರು. ಆದರೆ ನನ್ನ ದೃಷ್ಟಿಯಲ್ಲಿ ಅವನ ದೊಡ್ಡ ಕೆಲಸ ಅದಲ್ಲ. 1972ರಲ್ಲಿ ಅವನು ಬಣ್ಣದ ಚುಕ್ಕೆಗಳ ಒಂದು ಪಟ್ಟಿ ಮಾಡಿದ. ಆಟಗಾರನ ಎತ್ತರ ಎಷ್ಟು, ನಿಂತಾಗ ಮಣಿಕಟ್ಟಿನಿಂದ ನೆಲಕ್ಕೆ ಎಷ್ಟು ದೂರ, ಇವೆರಡನ್ನು ನೋಡಿ ಕ್ಲಬ್ಬಿನ ಕೋನ ಎಷ್ಟಿರಬೇಕು ಅಂತ ಒಂದು ಬಣ್ಣ ಹೇಳುತ್ತೆ. ಬೂಟು ಹೊಲಿದವನಿಗೆ ಮಾತ್ರ ಹೊಳೆಯಬಹುದಾದ ಯೋಚನೆ: ಮೊದಲು ಕಾಲು ಅಳೆ, ಆಮೇಲೆ ಚರ್ಮ ಕತ್ತರಿಸು. ಐವತ್ತು ವರ್ಷ ದಾಟಿದರೂ ನಾವಿನ್ನೂ ಚರ್ಮದ ಹೊಳಪು ನೋಡಿ ಬೂಟು ಕೊಳ್ತಿದ್ದೇವೆ.

ಕೋಲಿನ ಕಥೆಯೂ ಇದೇ. ಎಷ್ಟು ಬಳುಕುತ್ತೆ ಅಂತ ತಿಳಿಸಲು ಎಲ್, ಎ, ಆರ್, ಎಸ್, ಎಕ್ಸ್ ಅಂತ ಅಕ್ಷರ ಒತ್ತಿರ್ತಾರೆ. ಲೇಡೀಸು, ಹಿರಿಯರು, ರೆಗ್ಯುಲರ್, ಸ್ಟಿಫ್, ಎಕ್ಸ್ಟ್ರಾ ಸ್ಟಿಫ್. ಇದಕ್ಕೂ ಎಲ್ಲ ಕಂಪನಿಗೆ ಒಪ್ಪಿತವಾದ ಮಾನದಂಡ ಇಲ್ಲ. ಒಬ್ಬರ ಆರ್ ಇನ್ನೊಬ್ಬರ ಎಸ್ ಇದ್ದಂಗೆ ಇರುತ್ತೆ. ಹೆಸರು ನೋಡಿ, ಬಳುಕುವ ಗುಣಕ್ಕೂ ಲಿಂಗಕ್ಕೂ ವಯಸ್ಸಿಗೂ ಗಂಟು ಹಾಕಿದ್ದಾರೆ. ನಿಧಾನವಾಗಿ ಬೀಸುವ ಗಂಡಸಿಗೆ ಹಗುರ ಕೋಲು ಬೇಕಿದ್ದರೂ "ಹೆಂಗಸರದ್ದು" ಅಂತ ಮುಟ್ಟಲ್ಲ, ಮಾನ ಹೋಗುತ್ತಲ್ಲ! ಜೋರಾಗಿ ಬೀಸುವ ಹೆಂಗಸಿಗೆ ಅಂಗಡಿಯವನು ನೇರವಾಗಿ ಗುಲಾಬಿ ಬಣ್ಣದ ಸೆಟ್ ತೋರಿಸ್ತಾನೆ. ಮಕ್ಕಳಿಗಂತೂ ಅಪ್ಪನ ಕ್ಲಬ್ಬನ್ನೇ ಹಿಡಿಯ ಕಡೆಯಿಂದ ಕತ್ತರಿಸಿ ಕೊಡೋದು. ಕತ್ತರಿಸಿದರೆ ಕೋಲು ಮೊದಲಿಗಿಂತ ಗಡುಸಾಗುತ್ತೆ, ಆ ಮಗು ಉಕ್ಕಿನ ಸಲಾಕೆ ಬೀಸ್ತಾ ಇರುತ್ತೆ.

"ನಾನಿನ್ನೂ ಚೆನ್ನಾಗಿ ಆಡಲ್ಲ, ನನಗ್ಯಾಕೆ ಅಳತೆ ಗಿಳತೆ? ಚೆನ್ನಾಗಿ ಆಡೋಕೆ ಬಂದ ಮೇಲೆ ನೋಡೋಣ." ಈ ವಾದವನ್ನು ಹೊಸಬರ ಬಾಯಲ್ಲಿ ನೂರು ಸಲ ಕೇಳಿದ್ದೇನೆ. ವಿನಯದಂತೆ ಕಾಣುತ್ತೆ, ಆದರೆ ತಲೆಕೆಳಗು ತರ್ಕ. ನುರಿತ ಆಟಗಾರ ಓರೆಕೋರೆ ಕ್ಲಬ್ ಕೊಟ್ಟರೂ ಕೈಚಳಕದಿಂದ ಸುಧಾರಿಸಿಕೊಳ್ತಾನೆ. ಹೊಸಬರು ಕ್ಲಬ್ಬಿನ ತಪ್ಪಿಗೆ ತಕ್ಕಂತೆ ಮೈಯನ್ನೇ ಬಗ್ಗಿಸಿ ಕಲೀತಾರೆ, ಆಮೇಲೆ ಆ ಕಲಿತದ್ದನ್ನು ಮರೆಯೋಕೆ ಹತ್ತು ವರ್ಷ ಬೇಕು. ಮೊದಲ ಅಕ್ಷರ ತಿದ್ದುವ ಮಗುವಿಗೇ ಅಲ್ಲವೇ ನೆಟ್ಟಗಿರುವ ಬಳಪ ಬೇಕಾದ್ದು?

ದೂರವೇ ದೇವರು ಅನ್ನುವವರಿಗೆ ನಮ್ಮ ಬೆಂಗಳೂರಿನ ಹುಡುಗಿಯೊಬ್ಬಳ ಉದಾಹರಣೆ ಸಾಕು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್. ಅದಿತಿ ಅಶೋಕ್. ಆ ಸ್ಪರ್ಧೆಯಲ್ಲಿ ಅತಿ ಕಡಿಮೆ ದೂರ ಹೊಡೆಯುವವರ ಸಾಲಿನಲ್ಲಿ ಅವಳಿದ್ದಳು. ಬೇರೆಯವರು ಗಿಡ್ಡ ಐರನ್ ಹಿಡಿದು ಗ್ರೀನಿಗೆ ಹೊಡೆಯುವಲ್ಲಿ ಇವಳು ಉದ್ದ ಕ್ಲಬ್ ತೆಗೆಯಬೇಕಿತ್ತು. ಆದರೂ ನಾಲ್ಕು ದಿನ ಪದಕದ ಪೈಪೋಟಿಯಲ್ಲೇ ಇದ್ದು, ನಾಲ್ಕನೇ ಸ್ಥಾನ ಪಡೆದಳು. ಪದಕ ತಪ್ಪಿದ್ದು ಒಂದೇ ಒಂದು ಹೊಡೆತದಿಂದ. ಬೆಳಗಿನ ಜಾವ ಎದ್ದು, ಗಾಲ್ಫ್ ಅಂದರೇನು ಅಂತ ಗೊತ್ತಿಲ್ಲದವರೂ ಅವತ್ತು ಟಿವಿ ಮುಂದೆ ಕೂತಿದ್ದರು, ನೆನಪಿದೆಯಾ? ಪಕ್ಕದವಳು ಏಳರಲ್ಲಿ ಹೊಡೆದಲ್ಲಿ ತಾನು ಐದು ತೆಗೆಯಬೇಕಾಯಿತಲ್ಲ ಅಂತ ಅವಳು ನಾಚಿಕೊಂಡಿದ್ದರೆ ಆ ನಾಲ್ಕನೇ ಸ್ಥಾನ ಎಲ್ಲಿರುತ್ತಿತ್ತು? ಕಾರ್ಡಿನಲ್ಲಿ ಬರೆಯೋದು ಎಷ್ಟು ಹೊಡೆತ ಅಂತ ಮಾತ್ರ. ಯಾವ ಕ್ಲಬ್ ಅಂತ ಬರೆಯಲು ಅಲ್ಲಿ ಕಾಲಂ ಇಲ್ಲ.

*

ಬರೀ ಬೈದು ಹೋದರೆ ಸರಿಯಲ್ಲ. ಹಾಗಾದರೆ ಹೇಗೆ ಆರಿಸಬೇಕು? ನನ್ನ ಲೆಕ್ಕ ಇಷ್ಟು.

ಒಂದು, ನಂಬರ್ ಮರೆತು ಡಿಗ್ರಿ ಕೇಳಿ. ಹಳೇದು ಹೊಸದು ಹೋಲಿಸುವಾಗ ಒಂದೇ ಓರೆಯ ಕ್ಲಬ್ಬುಗಳನ್ನು ಹೋಲಿಸಿ. ಹಳೇ ಆರರ ಎದುರು ಹೊಸ ಏಳು ನಿಲ್ಲಿಸಿ, ಆಮೇಲೂ ಹೊಸದು ಗೆದ್ದರೆ ಸಂತೋಷ, ತಗೊಳ್ಳಿ.

ಎರಡು, ಅತ್ಯುತ್ತಮ ಹೊಡೆತ ನೋಡಬೇಡಿ, ಕೆಟ್ಟದ್ದನ್ನು ನೋಡಿ. ಹತ್ತು ಹೊಡೆದರೆ ಹತ್ತೂ ಎಲ್ಲೆಲ್ಲಿ ಬಿದ್ದವು? ಎಲ್ಲಕ್ಕಿಂತ ಹತ್ತಿರ ಬಿದ್ದದ್ದಕ್ಕೂ ದೂರ ಬಿದ್ದದ್ದಕ್ಕೂ ಅಂತರ ಎಷ್ಟು? ಆ ಅಂತರ ಕಡಿಮೆ ಮಾಡುವ ಕ್ಲಬ್ಬೇ ನಿಮ್ಮ ಕ್ಲಬ್.

ಮೂರು, ಚೆಂಡು ಯಾವ ಕೋನದಲ್ಲಿ ಕೆಳಗೆ ಬರುತ್ತೆ ಅಂತ ಕೇಳಿ. ಯಂತ್ರದಲ್ಲಿ ಆ ಅಂಕಿಯೂ ಇರುತ್ತೆ, ಯಾರೂ ತೋರಿಸಲ್ಲ. ಸುಮಾರು 45 ಡಿಗ್ರಿಗಿಂತ ಕಡಿದಾಗಿ ಇಳಿದರೆ ಗ್ರೀನಿನ ಮೇಲೆ ನಿಲ್ಲುವ ಸಾಧ್ಯತೆ ಹೆಚ್ಚು. ತೀರಾ ಓರೆಯಾಗಿ ಬಂದರೆ ದೂರ ಎಷ್ಟಾದರೂ ಪ್ರಯೋಜನವಿಲ್ಲ.

ನಾಲ್ಕು, ಕ್ಲಬ್ ನೆಲದ ಮೇಲೆ ಹೇಗೆ ಕೂರುತ್ತೆ ನೋಡಿಸಿ. ಚೆಂಡಿನ ಹಿಂಭಾಗಕ್ಕೆ ಮಾರ್ಕರ್ ಪೆನ್ನಿನಿಂದ ನೆಟ್ಟಗೆ ಒಂದು ಗೆರೆ ಎಳೆದು ಹೊಡೀರಿ. ಕ್ಲಬ್ಬಿನ ಮುಖದ ಮೇಲೆ ಅಂಟಿದ ಗೆರೆ ನೆಟ್ಟಗಿದ್ದರೆ ಸರಿ, ವಾಲಿದ್ದರೆ ಕೋನ ತಪ್ಪಿದೆ. ಅನೇಕ ಐರನ್‌ಗಳನ್ನು ಒಂದೆರಡು ಡಿಗ್ರಿ ಬಗ್ಗಿಸಿ ಸರಿ ಮಾಡಬಹುದು, ಅದಕ್ಕೆ ಆಗೋದು ಕ್ಲಬ್ಬಿಗೆ ಕೆಲವೇ ಡಾಲರ್. ನಮ್ಮ ಅಕ್ಕನಿಗೆ ಬೇಕಿದ್ದದ್ದು ಇಷ್ಟೇ.

ಐದು, ಹೊಸದೇ ಆಗಬೇಕಾಗಿಲ್ಲ. ಉಕ್ಕು ಹುಳಿಯಲ್ಲ. ಐದಾರು ವರ್ಷ ಹಳೆಯ, ಅಳತೆಗೆ ಬಗ್ಗಿಸಿದ ಸೆಟ್ಟು, ಅಳತೆ ತಪ್ಪಿದ ಹೊಸ ಸೆಟ್ಟಿಗಿಂತ ಸಾವಿರ ಪಾಲು ಮೇಲು.

ಇನ್ನು ಕಂಪನಿಗಳಿಗೂ ನಿಯಮ ಮಾಡುವವರಿಗೂ ನನ್ನದೊಂದೇ ಬೇಡಿಕೆ. ಐರನ್‌ಗಳ ಮೇಲೆ ಡಿಗ್ರಿ ಒತ್ತಿ. ಅಸಾಧ್ಯದ ಮಾತೇನಲ್ಲ ಇದು, ಆಗಲೇ ಮಾಡ್ತಿದ್ದೀರಿ. ಬೇರೆಯಾಗಿ ಮಾರುವ ವೆಜ್‌ಗಳ ಮೇಲೆ 52, 56, 60 ಅಂತ ಡಿಗ್ರಿಯೇ ಕೊರೆದಿರುತ್ತೆ. ಡ್ರೈವರಿನ ಮೇಲೂ 9, 10.5 ಅಂತ ಡಿಗ್ರಿಯೇ. ಚೀಲದ ಎರಡೂ ತುದಿಯಲ್ಲಿ ಸತ್ಯ ಹೇಳಿ, ಮಧ್ಯದಲ್ಲಿ ಮಾತ್ರ 4, 5, 6, 7 ಅಂತ ಗುಟ್ಟಿನ ಭಾಷೆ ಯಾಕೆ? ಹಳೇ ಅಭ್ಯಾಸ ಬಿಡೋಕೆ ಆಗಲ್ಲ ಅಂದರೆ ನಂಬರೂ ಇರಲಿ, ಪಕ್ಕದಲ್ಲಿ ಚಿಕ್ಕದಾಗಿ "29" ಅಂತಲೂ ಇರಲಿ. ಯಾವ ತಂತ್ರಜ್ಞಾನವನ್ನೂ ಬಿಡಬೇಕಾಗಿಲ್ಲ, ಯಾವ ಕ್ಲಬ್ಬನ್ನೂ ನಿಷೇಧಿಸಬೇಕಾಗಿಲ್ಲ. ಎರಡು ಅಂಕಿ ಒತ್ತುವ ಖರ್ಚು. ಅಷ್ಟಕ್ಕೂ ಹಿಂಜರಿದರೆ, ಆ "ಹದಿನೈದು ಗಜ ಜಾಸ್ತಿ"ಯ ಆಯುಷ್ಯ ಎಷ್ಟು ಅಂತ ಅವರಿಗೇ ಗೊತ್ತಿದೆ ಅಂತ ಅರ್ಥ.

ಅಲ್ಲಿಯವರೆಗೆ ನಮ್ಮ ಕೈಲಿ ಆಗುವ ಕೆಲಸ ಒಂದಿದೆ. ಮುಂದಿನ ಶನಿವಾರ ಯಾರಾದರೂ "ನಿಂದು ಸೆವೆನ್ ಎಷ್ಟು ಹೋಗುತ್ತೆ ಗುರು?" ಅಂದರೆ, ಗಜ ಹೇಳುವ ಮುಂಚೆ "ನಿಂದು ಎಷ್ಟು ಡಿಗ್ರಿ?" ಅಂತ ಕೇಳಿ. ಹೆಚ್ಚಿನವರಿಗೆ ಗೊತ್ತಿರಲ್ಲ. ಮನೆಗೆ ಹೋಗಿ ಹುಡುಕ್ತಾರೆ. ಅಷ್ಟಾದರೂ ಸಾಕು.

ಗಾಲ್ಫ್ ಆಡದೆ ಇಲ್ಲಿಯವರೆಗೆ ಓದಿದ ಪುಣ್ಯಾತ್ಮರೇ, ನಿಮ್ಮ ನಿಮ್ಮ ಕ್ಷೇತ್ರದಲ್ಲಿ ಪಾವಿನ ಮೇಲೆ "ಸೇರು" ಅಂತ ಒತ್ತಿದ ಮುದ್ರೆಗಳು ಇದ್ದೇ ಇರುತ್ತವೆ. ಪ್ಯಾಂಟಿನ ಸೊಂಟದ ನಂಬರೋ, ಕ್ಯಾಮೆರಾದ ಮೆಗಾಪಿಕ್ಸೆಲ್ಲೋ, ಮತ್ತೊಂದೋ. ಅದನ್ನೂ ಬರೀರಿ, ಓದ್ತೀನಿ. ಬ್ಲೇಡ್ ಭಕ್ತರು ಬೈಯೋಕೆ ಬಂದರೂ ಸ್ವಾಗತ, ಆದರೆ ಬರುವಾಗ ನಿಮ್ಮ ಏಳು ಎಷ್ಟು ಡಿಗ್ರಿ ಅಂತ ನೋಡಿಕೊಂಡು ಬನ್ನಿ.